ಕೇಳಿದರೆ ಉತ್ತರಿಸುವ ಪೆಟ್ಟಿಗೆ

ಮನೆಗೆ ಅಂತರಜಾಲ ತರುವ ರೌಟರ್ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಹೊರಗಿನ ಸಂಪರ್ಕ ಕಡಿದಿರುವಾಗಲೂ ಅದರ ವೈಫೈಗೆ ಸೇರಿಕೊಂಡು, ಬ್ರೌಸರಿನಲ್ಲಿ ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿರುವ ವಿಳಾಸವನ್ನು (ಹಲವು ರೌಟರ್‌ಗಳಲ್ಲಿ 192.168.1.1) ಬರೆದು ನೋಡಿ. ಒಂದು ಪುಟ ತೆರೆದುಕೊಳ್ಳುತ್ತದೆ. ಅಂತರಜಾಲವೇ ಇಲ್ಲದಿರುವಾಗ ಈ ಪುಟ ಬಂದದ್ದೆಲ್ಲಿಂದ? ಪೆಟ್ಟಿಗೆಯ ಒಳಗಿನಿಂದಲೇ. ಅಲ್ಲೊಂದು ಪುಟ್ಟ ವೆಬ್ ಸರ್ವರ್ ಕುಳಿತಿದೆ.

ಸರ್ವರ್ ಎಂದೊಡನೆ ದೊಡ್ಡ ಯಂತ್ರವೊಂದು ಕಣ್ಣಮುಂದೆ ಬರುತ್ತದೆ. ವಾಸ್ತವವಾಗಿ ಅದು ಒಂದು ಕೆಲಸದ ಹೆಸರು: ಕೇಳಿದ ಪುಟವನ್ನು ಕೇಳಿದವರಿಗೆ ಒಪ್ಪಿಸುವುದು. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ನಡೆಸಿದ ಮೊದಲ ವೆಬ್ ಸರ್ವರಿಗೆ ಇಡೀ ಗಣಕವೊಂದು ಬೇಕಾಗಿತ್ತು. ಯಾರಾದರೂ ಆರಿಸಿಬಿಟ್ಟಾರೆಂದು ಅದರ ಮೇಲೆ ಎಚ್ಚರಿಕೆಯ ಚೀಟಿಯನ್ನೂ ಅಂಟಿಸಿದ್ದರು.

ಮುಂದಿನ ಕಥೆಗೆ ಕಾಫಿಯ ಪರಿಮಳವಿದೆ, ಕೊಡಗಿನವರಿಗೆ ಹಿಡಿಸೀತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ 1991ರಲ್ಲಿ ಕಾಫಿ ಪಾತ್ರೆಯೆದುರು ಕ್ಯಾಮೆರಾ ಒಂದನ್ನು ನಿಲ್ಲಿಸಿದರು. ದೂರದ ಕೋಣೆಯಿಂದ ಬಂದವರಿಗೆ ಬರಿದಾದ ಪಾತ್ರೆ ಎದುರಾಗಬಾರದಲ್ಲ! 1993ರಲ್ಲಿ ಆ ಚಿತ್ರ ವೆಬ್ಬಿಗೆ ಬಂದು, 2001ರವರೆಗೂ ಜಗತ್ತೇ ಅದನ್ನು ನೋಡಿತು. ಆದರೆ ಉತ್ತರ ಕೊಡುತ್ತಿದ್ದುದು ಕ್ಯಾಮೆರಾ ಅಲ್ಲ, ಅದರ ಹಿಂದಿದ್ದ ಗಣಕಗಳು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ತಂದ ನೆಟ್‌ಐ 200 ಕ್ಯಾಮೆರಾದಲ್ಲಿ ಸರ್ವರ್ ಒಳಗೇ ಸೇರಿತು. 1999ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಶ್ರೀಕುಮಾರ್ ಎಂಬವರು ಬೆಂಕಿಕಡ್ಡಿಯ ತಲೆಯಷ್ಟಿದ್ದ ಎಂಟು ಕಾಲಿನ ಚಿಪ್ಪಿನಲ್ಲಿ ಸರ್ವರನ್ನು ನಡೆಸಿ ತೋರಿಸಿದರು.

ಇಷ್ಟು ಸಣ್ಣದಾಗಲು ಹೇಗೆ ಸಾಧ್ಯ? ಬ್ರೌಸರಿನ ಮೂಲ ಕೋರಿಕೆ ಸರಳ ಅಕ್ಷರಗಳ ಕೆಲವೇ ಸಾಲು. ಹಿಂದೆ ಯಾರು ಏನು ಕೇಳಿದರೆಂದು ಸರ್ವರ್ ನೆನಪಿಡಬೇಕಾಗಿಲ್ಲ. ಓದುವುದು, ಉತ್ತರಿಸುವುದು, ಮರೆಯುವುದು, ಅಷ್ಟೇ.

ಈಗ ನಮ್ಮ ಮಳೆಯ ಕಡೆ ಬರೋಣ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವುದು ಹಳೆಯ ರೂಢಿ. ಹೂಮಳೆಯ ಲೆಕ್ಕ ತಪ್ಪಿದರೆ ಕಾಫಿಯ ಲೆಕ್ಕವೂ ತಪ್ಪುತ್ತದೆ. ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿವೆ. ಸೌರಶಕ್ತಿಯಿಂದ ನಡೆಯುವ ಇವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ವರದಿ ಕಳಿಸುತ್ತವೆ. ಬಲು ಉಪಯುಕ್ತ ವ್ಯವಸ್ಥೆ. ಆದರೆ ಗಮನಿಸಿ: ಇದು ಅಂಚೆಗೆ ಹಾಕಿದ ಕಾಗದದಂತೆ, ದಾರಿ ಮುಚ್ಚಿದರೆ ತಲುಪುವುದಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ರಸ್ತೆಗಳ ಜೊತೆಗೆ ವಿದ್ಯುತ್ತೂ ದೂರವಾಣಿಯೂ ಕಡಿದುಹೋದವು. ಅಂಥ ರಾತ್ರಿಯಲ್ಲಿ, ಕಳೆದ ಒಂದು ಗಂಟೆಯಲ್ಲಿ ಎಷ್ಟು ಮಳೆ ಬಿತ್ತೆಂಬ ಅಂಕಿ ಹೆಚ್ಚು ಬೇಕಾದದ್ದು ಇಳಿಜಾರಿನ ಕೆಳಗೆ ಮಲಗಿರುವವರಿಗೆ. ಮಾಪಕದೊಳಗೆ ಸರ್ವರ್ ಮತ್ತು ಅದರದೇ ವೈಫೈ ಇದ್ದರೆ, ಟವರ್ ಸತ್ತರೂ ಹತ್ತಿರದಲ್ಲಿರುವವರ ಮೊಬೈಲಿಗೆ ಅದು ಉತ್ತರಿಸಬಲ್ಲದು. ವೈಫೈ ಮುಟ್ಟುವುದು ಕೆಲವು ಹತ್ತು ಮೀಟರ್ ಮಾತ್ರ, ನಿಜ. ಆದ್ದರಿಂದ ಬೆಂಗಳೂರಿಗೆ ಹೋಗುವ ವರದಿಯನ್ನು ಬಿಡಬೇಕಿಲ್ಲ. ಎರಡೂ ಇರಲಿ ಎಂಬುದು ನನ್ನ ಮತ.

2014ರಲ್ಲಿ ಬಂದ ಇಎಸ್‌ಪಿ 8266 ಎಂಬ ಚಿಪ್ಪಿನ ಫಲಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೈಫೈಯೂ ಸರ್ವರೂ ಅದರಲ್ಲೇ ನಡೆಯುತ್ತವೆ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಮೇಜೇ ಅದಕ್ಕೆ ಸಾಕು; ಮಳೆಮಾಪಕದ ಬಟ್ಟಲನ್ನು ಮಾತ್ರ ಹೊರಗೆ, ಮರದ ನೆರಳಿನಿಂದ ದೂರ ಇಡಬೇಕು.