ಬೀಟಾ ಅಪ್‌ಡೇಟ್ ತೆಗೆಯಲು ಬಾರದಿದ್ದರೆ ಏನು ಮಾಡಬೇಕು? – ಸದಸ್ಯರ ಗಮನಕ್ಕೆ



ಸೊಲ್ಲಾಪುರ, ಅಕ್ಕಲಕೋಟೆ, ಮೈಂದರ್ಗಿ, ದುಧನಿ ಕಡೆಯ ಸದಸ್ಯರು ಸಂಘವನ್ನು ಪದೇ ಪದೇ ಕೇಳುತ್ತಿರುವ ಪ್ರಶ್ನೆ ಇದು: ‘ಮೊಬೈಲಿನಲ್ಲಿ ಬೀಟಾ ಎಂಬ ಅಪ್‌ಡೇಟ್ ಬಂದು ಕೂತಿದೆ. ತೆಗೆಯೋಣವೆಂದರೆ ಅನ್‌ಇನ್‌ಸ್ಟಾಲ್ ಎಂಬ ಗುಂಡಿಯೇ ಕಾಣುವುದಿಲ್ಲ. ಏನು ಮಾಡಬೇಕು?’ ಪುಣೆಯಿಂದಲೋ ಬೆಂಗಳೂರಿನಿಂದಲೋ ಹಬ್ಬಕ್ಕೆ ಬಂದ ಮಗ, ಮೊಮ್ಮಗ ಹೊಸದು ನೋಡೋಣವೆಂದು ಹಾಕಿ ಹೋಗಿರುತ್ತಾರೆ. ಅವರು ಊರು ಬಿಟ್ಟ ಮೇಲೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ನವೆಂಬರ್ ಬಂದರೆ ಪಿಂಚಣಿದಾರರು ಫೋನಿನಲ್ಲೇ ಜೀವನ್ ಪ್ರಮಾಣ್ ಕೊಡಬೇಕೆನ್ನುವಾಗ ಫೋನ್ ಕೈಕೊಟ್ಟರೆ ಕಷ್ಟ. ಆದ್ದರಿಂದ ಈ ವಿಷಯವನ್ನು ಒಂದೇ ಕಡೆ ಕ್ರಮವಾಗಿ ಬರೆದಿಡುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಅವಸರದಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ರೀಸೆಟ್ ಮಾಡಿದರೆ ನಿಮ್ಮ ಫೋಟೋ, ನಂಬರು, ಧ್ವನಿಮುದ್ರಣ ಎಲ್ಲ ಹೋಗುತ್ತವೆ. ಬೀಟಾ ಮಾತ್ರ ಹಾಗೆಯೇ ಉಳಿಯುತ್ತದೆ. ರೀಸೆಟ್ ಅಳಿಸುವುದು ನಿಮ್ಮ ಮಾಹಿತಿಯನ್ನು, ಫೋನಿನ ಮೂಲ ವ್ಯವಸ್ಥೆಯನ್ನಲ್ಲ.

1. ಬೀಟಾ ಎಂದರೇನು?

ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಬೀಟಾ ಎಂಬುದು ಕರಡು ಪ್ರತಿ. ಅಂತಿಮ ಪ್ರತಿಗೆ ಸಹಿ ಬೀಳುವ ಮುಂಚೆ ತಪ್ಪು ಹುಡುಕಲು ನಾಲ್ಕು ಜನರಿಗೆ ಕೊಟ್ಟಂತೆ, ಕಂಪನಿಗಳು ಹೊಸ ಆಪರೇಟಿಂಗ್ ಸಿಸ್ಟಂ ಅನ್ನು ಬಿಡುಗಡೆಗೆ ಮುಂಚೆ ಸ್ವಇಚ್ಛೆಯಿಂದ ಮುಂದೆ ಬಂದವರಿಗೆ ಕೊಡುತ್ತವೆ. ಮೈಕ್ರೋಸಾಫ್ಟ್ 2014ರಲ್ಲಿ ವಿಂಡೋಸ್ ಇನ್‌ಸೈಡರ್ ಎಂಬ ಯೋಜನೆ ಆರಂಭಿಸಿತು. ಆ್ಯಪಲ್ 2015ರಲ್ಲಿ ಐಫೋನಿನ ಬೀಟಾವನ್ನು ಸಾರ್ವಜನಿಕರಿಗೆ ತೆರೆಯಿತು. ಗೂಗಲ್ 2016ರಿಂದ ಆಂಡ್ರಾಯ್ಡ್ ಬೀಟಾ ನಡೆಸುತ್ತಿದೆ.

ನಿಮ್ಮಲ್ಲಿರುವುದು ಬೀಟಾ ಹೌದೋ ಅಲ್ಲವೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್ ತೆರೆದರೆ ‘ಬೀಟಾ ಅಪ್‌ಡೇಟ್ಸ್’ ಎಂಬ ಸಾಲಿನ ಎದುರು ಏನಿದೆ ಎಂದು ತಿಳಿಯುತ್ತದೆ. ವಿಂಡೋಸ್ ಬೀಟಾದಲ್ಲಿ ಹಲವು ವೇಳೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಇವ್ಯಾಲ್ಯುಯೇಶನ್ ಕಾಪಿ’ ಎಂಬ ಮಸುಕು ಅಕ್ಷರ ಇರುತ್ತದೆ. ಆಂಡ್ರಾಯ್ಡಿನಲ್ಲಿ ಅಬೌಟ್ ಫೋನ್ ಮತ್ತು ಸಿಸ್ಟಂ ಅಪ್‌ಡೇಟ್ ಎರಡನ್ನೂ ನೋಡಬೇಕು.

2. ತೆಗೆಯಲು ಏಕೆ ಬರುವುದಿಲ್ಲ?

ಆ್ಯಪ್ ಬೇರೆ, ಆಪರೇಟಿಂಗ್ ಸಿಸ್ಟಂ ಬೇರೆ. ಚಾದರಕ್ಕೆ ಹೊಲಿದ ಅಂಚುಪಟ್ಟಿ ಬೇಡವಾದರೆ ಬಿಚ್ಚಿ ತೆಗೆಯಬಹುದು. ಹಾಸುಹೊಕ್ಕಾಗಿ ನೇಯ್ದ ಎಳೆಯನ್ನು ತೆಗೆಯಬೇಕಾದರೆ ಚಾದರವನ್ನೇ ಬಿಚ್ಚಬೇಕು. ಆ್ಯಪ್ ಅಂಚುಪಟ್ಟಿಯಂತೆ, ಸಿಸ್ಟಂ ನೇಯ್ಗೆಯಂತೆ.

ಇದಕ್ಕೆ ಮುಖ್ಯ ಕಾರಣ ಎರಡು. ಒಂದು, ಹೊಸ ಸಿಸ್ಟಂ ನಿಮ್ಮ ಮಾಹಿತಿಯನ್ನು ಹೊಸ ರೀತಿಯಲ್ಲಿ ಬರೆದಿಡುತ್ತದೆ. ಹಳೆಯ ಸಿಸ್ಟಂಗೆ ಅದನ್ನು ಓದಲು ಬಾರದೇ ಇರಬಹುದು. ಎರಡು, ಭದ್ರತೆ. ಹಳೆಯ ಆವೃತ್ತಿಯ ದೋಷಗಳನ್ನು ಬಳಸಿ ಕಳ್ಳರು ಒಳನುಗ್ಗದಿರಲಿ ಎಂದು ಕಂಪನಿಗಳು ಹಿಂದಿನ ದಾರಿ ಮುಚ್ಚುತ್ತವೆ. ಐಫೋನಿಗೆ ಯಾವುದೇ ಆವೃತ್ತಿ ಹಾಕುವಾಗ ಆ್ಯಪಲ್‌ನ ಸರ್ವರ್ ಅದಕ್ಕೆ ಸಹಿ ಹಾಕಬೇಕು. ಹಳೆಯ ಆವೃತ್ತಿಗಳಿಗೆ ಸಹಿ ಹಾಕುವುದನ್ನು ಅವರು ನಿಲ್ಲಿಸಿಬಿಡುತ್ತಾರೆ. 2022ರ ಆಗಸ್ಟಿನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ, 6ಎ ಫೋನುಗಳಲ್ಲಿ ಅದನ್ನು ಹಾಕಿಕೊಂಡವರು ಮತ್ತೆ 12ಕ್ಕೆ ಹೋಗುವಂತಿಲ್ಲ ಎಂದು ಗೂಗಲ್ ತಿಳಿಸಿತ್ತು. ಅದು ಬೀಟಾ ಅಲ್ಲ, ಪೂರ್ಣ ಬಿಡುಗಡೆ; ಅದಕ್ಕೂ ಈ ನಿಯಮ.

3. ಇರುವುದು ಎರಡೇ ದಾರಿ

ಯಾವ ಕಂಪನಿಯ ಫೋನಾದರೂ ಕೊನೆಗೆ ದಾರಿ ಎರಡೇ.

ಮುಂದಿನ ದಾರಿ: ಬೀಟಾ ಯೋಜನೆಯಿಂದ ಹೆಸರು ತೆಗೆಸಿ, ಅಂತಿಮ ಆವೃತ್ತಿ ಬರುವವರೆಗೆ ಕಾದು, ಅದನ್ನು ಹಾಕಿಕೊಳ್ಳುವುದು. ಮಾಹಿತಿ ಉಳಿಯುತ್ತದೆ. ಕೆಲವು ವಾರ ತಾಳ್ಮೆ ಬೇಕು.

ಹಿಂದಿನ ದಾರಿ: ಎಲ್ಲವನ್ನೂ ಅಳಿಸಿ ಹಳೆಯ ಸ್ಥಿರ ಆವೃತ್ತಿಯನ್ನು ಹೊಸದಾಗಿ ಹಾಕುವುದು. ಕೆಲಸ ಬೇಗ ಆಗುತ್ತದೆ, ಆದರೆ ಫೋನ್ ಖಾಲಿ.

ನಮ್ಮ ಸಲಹೆ ಸ್ಪಷ್ಟ. ಫೋನ್ ಕರೆ, ವಾಟ್ಸ್‌ಆ್ಯಪ್ ನಡೆಯುತ್ತಿದ್ದರೆ ಮುಂದಿನ ದಾರಿಯೇ ಲೇಸು. ಫೋನ್ ಕೆಲಸವನ್ನೇ ಮಾಡದಿದ್ದರೆ ಅಥವಾ ಬ್ಯಾಂಕು, ಪಿಂಚಣಿಯ ಕೆಲಸ ನಿಂತುಹೋಗಿ ಬೇರೆ ಫೋನ್ ಇಲ್ಲದಿದ್ದರೆ ಮಾತ್ರ ಹಿಂದಿನ ದಾರಿ ಹಿಡಿಯಿರಿ.

4. ಕೈಹಚ್ಚುವ ಮುಂಚೆ

ಯಾವ ದಾರಿ ಹಿಡಿದರೂ ಮೊದಲು ಈ ಕೆಳಗಿನವನ್ನು ಫೋನಿನಿಂದ ಹೊರಗೆ ತೆಗೆದಿಡಿ.

ಅ) ಫೋನ್ ನಂಬರುಗಳು. ‘ಫೋನ್’ನಲ್ಲಿ ಮಾತ್ರ ಉಳಿಸಿದ ನಂಬರು ಅಳಿಸಿಹೋಗುತ್ತದೆ. ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಇದೆಯೇ ನೋಡಿ.

ಆ) ವಾಟ್ಸ್‌ಆ್ಯಪ್. ಸೆಟ್ಟಿಂಗ್ಸ್‌ನ ಚಾಟ್ಸ್ ವಿಭಾಗದಲ್ಲಿ ಬ್ಯಾಕಪ್ ಯಾವ ದಿನಾಂಕದ್ದು ಎಂದು ನೋಡಿ, ಇಂದಿನದು ಮಾಡಿಕೊಳ್ಳಿ.

ಇ) ಫೋಟೋ ಮತ್ತು ವಿಡಿಯೋ. ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿ.

ಈ) ಧ್ವನಿಮುದ್ರಣಗಳು. ಇದನ್ನು ಒತ್ತಿ ಹೇಳುತ್ತೇವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಜ್ಜಿಯರು ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ಸದಸ್ಯರು ಫೋನಿನಲ್ಲೇ ಮುದ್ರಿಸಿಕೊಂಡಿದ್ದಾರೆ. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಎಷ್ಟೋ ಫೋನುಗಳಲ್ಲಿ ರೆಕಾರ್ಡರ್ ಆ್ಯಪಿನ ಕಡತಗಳು ತಾನಾಗಿ ಬ್ಯಾಕಪ್ ಆಗುವುದಿಲ್ಲ. ಫೋಟೋ ಉಳಿದವು ಎಂದು ಸಮಾಧಾನಪಟ್ಟು ಆ ದನಿಗಳನ್ನು ಕಳೆದುಕೊಳ್ಳಬಾರದು. ಕಡತಗಳನ್ನು ಎರಡು ಕಡೆ ಇಡಿ, ಒಂದು ಪ್ರತಿ ಸಂಘಕ್ಕೂ ಕೊಡಿ.

ಉ) ಖಾತೆಯ ಪಾಸ್‌ವರ್ಡ್. ಫೋನ್ ಅಳಿಸಿದ ಮೇಲೆ ಮೊದಲಿದ್ದ ಗೂಗಲ್ ಅಥವಾ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳಬಹುದು. ನಮ್ಮಲ್ಲಿ ಅನೇಕರ ಫೋನಿನ ಖಾತೆ ಮಗನ ಹೆಸರಲ್ಲೋ ಅಂಗಡಿಯವರು ಮಾಡಿಕೊಟ್ಟದ್ದೋ ಆಗಿರುತ್ತದೆ. ಪಾಸ್‌ವರ್ಡ್ ಕೈಯಲ್ಲಿಲ್ಲದೆ ಅಳಿಸಿದರೆ ಫೋನ್ ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ.

ಇನ್ನೊಂದು ಎಚ್ಚರ: ಬೀಟಾದಲ್ಲಿ ಮಾಡಿದ ಪೂರ್ಣ ಬ್ಯಾಕಪ್ ಹಳೆಯ ಆವೃತ್ತಿಗೆ ಮರಳಿ ಕೂರದೇ ಇರಬಹುದು. ಆದ್ದರಿಂದ ಬ್ಯಾಕಪ್ ಒಂದನ್ನೇ ನಂಬದೆ ಕಡತಗಳನ್ನು ಬಿಡಿಬಿಡಿಯಾಗಿ ನಕಲು ಮಾಡಿಡಿ.

5. ಆಂಡ್ರಾಯ್ಡ್ ಫೋನ್

ಗೂಗಲ್ ಪಿಕ್ಸೆಲ್ ಇದ್ದವರು ಆಂಡ್ರಾಯ್ಡ್ ಬೀಟಾ ಪುಟಕ್ಕೆ ಹೋಗಿ, ಯಾವ ಖಾತೆಯಿಂದ ಸೇರಿದ್ದರೋ ಅದೇ ಖಾತೆಯಿಂದ ‘ಆಪ್ಟ್ ಔಟ್’ ಮಾಡಬೇಕು. ಸೇರಿಸಿದ್ದು ಮೊಮ್ಮಗನ ಖಾತೆಯಾದರೆ ಅವನಿಗೇ ಫೋನ್ ಮಾಡಬೇಕು. ಸಾಮಾನ್ಯವಾಗಿ 24 ಗಂಟೆಯೊಳಗೆ ಫೋನಿಗೆ ಒಂದು ಅಪ್‌ಡೇಟ್ ಬರುತ್ತದೆ. ಹೆಸರು ಅಪ್‌ಡೇಟ್ ಆದರೂ ಅದು ಹಿಂದಕ್ಕೆ ಒಯ್ಯುವ ಡೌನ್‌ಗ್ರೇಡ್. ಒತ್ತಿದರೆ ಫೋನ್ ಪೂರ್ತಿ ಅಳಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಮಾಹಿತಿ ಉಳಿಯಬೇಕಾದರೆ ಅದನ್ನು ಹಾಕದೆ ಬಿಟ್ಟು, ಅಂತಿಮ ಆವೃತ್ತಿಯ ಅಪ್‌ಡೇಟ್ ಬರುವವರೆಗೆ ಕಾಯಿರಿ.

ಸ್ಯಾಮ್‌ಸಂಗ್ ಫೋನಿನ ಬೀಟಾ ನಡೆಯುವುದು ಸ್ಯಾಮ್‌ಸಂಗ್ ಮೆಂಬರ್ಸ್ ಎಂಬ ಆ್ಯಪಿನ ಮೂಲಕ, ಹೊರಬರುವುದೂ ಅಲ್ಲಿಂದಲೇ. ಹಿಂದಿನ ಆವೃತ್ತಿಗೆ ಹೋಗಲು ಕಂಪ್ಯೂಟರಿನಲ್ಲಿ ಸ್ಮಾರ್ಟ್ ಸ್ವಿಚ್ ಬೇಕು, ಮಾಹಿತಿ ಅಳಿಸುತ್ತದೆ. ಬೇರೆ ಕಂಪನಿಗಳ ಕ್ರಮ ಬೇರೆ ಬೇರೆ. ಆಯಾ ಕಂಪನಿಯ ಅಧಿಕೃತ ಸೂಚನೆ ಬಿಟ್ಟು ಯಾರೋ ಕಳಿಸಿದ ಕಡತ ಹಾಕಬೇಡಿ.

6. ಐಫೋನ್

2023ರ ಮಾರ್ಚಿನಲ್ಲಿ ಬಂದ ಐಒಎಸ್ 16.4ರಿಂದ ಈ ಕೆಲಸ ಸುಲಭವಾಗಿದೆ. ಮೇಲೆ ಹೇಳಿದ ‘ಬೀಟಾ ಅಪ್‌ಡೇಟ್ಸ್’ ತೆರೆದು ‘ಆಫ್’ ಆರಿಸಿದರೆ ಸಾಕು, ಮುಂದಿನ ಬೀಟಾ ಬರುವುದಿಲ್ಲ. ಅಂತಿಮ ಆವೃತ್ತಿ ಬಂದಾಗ ಮಾಮೂಲಿ ಅಪ್‌ಡೇಟಿನಂತೆ ಹಾಕಿಕೊಳ್ಳಿ. ಅದಕ್ಕಿಂತ ಹಳೆಯ ಆವೃತ್ತಿ ಇದ್ದರೆ ಜನರಲ್ ವಿಭಾಗದಲ್ಲಿ ಬೀಟಾ ಪ್ರೊಫೈಲ್ ಇರುತ್ತದೆ. ಅದನ್ನು ತೆಗೆದು ಫೋನ್ ಮರುಚಾಲನೆ ಮಾಡಬೇಕು.

ಕೂಡಲೇ ಹಿಂದಕ್ಕೆ ಹೋಗಲೇಬೇಕಾದರೆ ಕಂಪ್ಯೂಟರ್ ಬೇಕು. ಕೇಬಲ್ ಜೋಡಿಸಿ, ಐಫೋನ್ 8 ಮತ್ತು ನಂತರದವುಗಳಲ್ಲಿ ವಾಲ್ಯೂಮ್ ಮೇಲಿನ ಗುಂಡಿ ಒತ್ತಿ ಬಿಟ್ಟು, ಕೆಳಗಿನದನ್ನು ಒತ್ತಿ ಬಿಟ್ಟು, ರಿಕವರಿ ಪರದೆ ಬರುವವರೆಗೆ ಪಕ್ಕದ ಗುಂಡಿಯನ್ನು ಹಿಡಿಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ‘ರಿಸ್ಟೋರ್’ ಆರಿಸಬೇಕು. ಬೀಟಾ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಉಳಿಸಿದ ಬ್ಯಾಕಪ್ ಇದ್ದವರಿಗೆ ಮಾತ್ರ ಹಳೆಯ ಮಾಹಿತಿ ಸಿಗುತ್ತದೆ. ಆ್ಯಪಲ್ ವಾಚಿಗೆ ಬೀಟಾ ಹಾಕಿದ್ದರೆ ಹಿಂದಿನ ದಾರಿ ಇಲ್ಲವೇ ಇಲ್ಲ, ಕಾಯಬೇಕು.

7. ವಿಂಡೋಸ್ ಕಂಪ್ಯೂಟರ್

ಇಲ್ಲಿ ದಿನಗಳ ಲೆಕ್ಕ ಮುಖ್ಯ. ಹೊಸ ಆವೃತ್ತಿ ಬಂದ 10 ದಿನಗಳೊಳಗಾದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ ‘ಗೋ ಬ್ಯಾಕ್’ ಗುಂಡಿ ಇರುತ್ತದೆ. ಹಳೆಯ ವಿಂಡೋಸ್ ಒಂದು ಕಡತಕೋಶದಲ್ಲಿ ಅಷ್ಟು ದಿನ ಕಾದಿರುತ್ತದೆ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಮಾಡಿ ಅದನ್ನು ಅಳಿಸಿದರೆ ಹತ್ತು ದಿನದೊಳಗೂ ಗುಂಡಿ ಕೆಲಸ ಮಾಡದು.

ಹತ್ತು ದಿನ ಮೀರಿದ್ದರೆ ವಿಂಡೋಸ್ ಅಪ್‌ಡೇಟ್ ಒಳಗಿನ ಇನ್‌ಸೈಡರ್ ಪ್ರೋಗ್ರಾಂ ತೆರೆಯಿರಿ. ಬೀಟಾ ಅಥವಾ ರಿಲೀಸ್ ಪ್ರಿವ್ಯೂ ಚಾನೆಲ್‌ನಲ್ಲಿ ಇದ್ದವರಿಗೆ, ಮುಂದಿನ ಪೂರ್ಣ ಆವೃತ್ತಿ ಬಂದಾಗ ಹೆಸರು ತೆಗೆಯುವ ಆಯ್ಕೆ ಸಿಗುತ್ತದೆ, ಮಾಹಿತಿ ಉಳಿಯುತ್ತದೆ. ಡೆವ್, ಕ್ಯಾನರಿ ಚಾನೆಲ್‌ನವರು ಸಾಮಾನ್ಯವಾಗಿ ವಿಂಡೋಸ್ ಅನ್ನು ಹೊಸದಾಗಿಯೇ ಹಾಕಬೇಕು. ಬೀಟಾಕ್ಕೆ ಅವಧಿಯೂ ಇದೆ. ಸ್ಟಾರ್ಟ್ ಪಕ್ಕದ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ವಿನ್‌ವರ್’ ಎಂದು ಬರೆದರೆ ಆ ದಿನಾಂಕ ಕಾಣುತ್ತದೆ. ಅದು ದಾಟುವವರೆಗೆ ಸುಮ್ಮನಿರಬೇಡಿ.

ಪ್ರತಿ ತಿಂಗಳ ಕೊನೆಗೆ ಬರುವ ‘ಪ್ರಿವ್ಯೂ’ ಹೆಸರಿನ ಐಚ್ಛಿಕ ಅಪ್‌ಡೇಟ್ ಬೇರೆ. ಅದನ್ನು ಅಪ್‌ಡೇಟ್ ಹಿಸ್ಟರಿಯ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ನಿಂದ ತೆಗೆಯಬಹುದು. ಕಂಪ್ಯೂಟರ್ ತೆರೆಯುವುದೇ ಇಲ್ಲವೆಂದರೆ ರಿಕವರಿ ಪರದೆಯ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲೂ ಅದೇ ಆಯ್ಕೆ ಇದೆ. ಆಗ ಬಿಟ್‌ಲಾಕರ್ ಕೀ ಎಂಬ 48 ಅಂಕಿಗಳ ಸಂಖ್ಯೆ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ನೋಡಿ ಮೊದಲೇ ಕಾಗದದ ಮೇಲೆ ಬರೆದಿಡಿ.

8. ಕನ್ನಡವನ್ನು ಮರಳಿ ಕೂರಿಸುವುದು

ಮಹಾರಾಷ್ಟ್ರದಲ್ಲಿ ಅಳಿಸಿ ಹೊಸದಾಗಿ ತಯಾರಾದ ಫೋನಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್, ಮರಾಠಿ, ಹಿಂದಿ ಇರುತ್ತವೆ. ಕನ್ನಡವನ್ನು ನಾವೇ ಸೇರಿಸಿಕೊಳ್ಳಬೇಕು. ಜಿಬೋರ್ಡ್ ಸೆಟ್ಟಿಂಗ್ಸ್‌ನ ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಆರಿಸಿ. ವಿಂಡೋಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಒಳಗೆ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಫೊನೆಟಿಕ್ ಕೀಲಿಮಣೆಯೂ 2019ರಿಂದ ವಿಂಡೋಸ್ ಜೊತೆಗೇ ಇದೆ.

ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬರೆದ ಕಡತಗಳು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಬೇಡಿ. ಫಾಂಟನ್ನು ಮತ್ತೆ ಹಾಕಿದರೆ ಅಕ್ಷರ ಮರಳುತ್ತವೆ. ಕಂಪ್ಯೂಟರ್ ಅಳಿಸುವ ಮುಂಚೆಯೇ ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಇನ್ನೂ ಒಳ್ಳೆಯದು.

9. ಅಂಗಡಿಗೆ ಕೊಡುವಾಗ

ನವಿ ಪೇಠೆಯಲ್ಲಾಗಲಿ ಅಕ್ಕಲಕೋಟೆ ಪೇಟೆಯಲ್ಲಾಗಲಿ ದುರಸ್ತಿಗೆ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ‘ಮಾಹಿತಿ ಉಳಿಯುತ್ತದೆಯೇ? ಯಾವ ಆವೃತ್ತಿ ಹಾಕುತ್ತೀರಿ?’ ‘ಫ್ಲಾಶ್ ಮಾಡಿ ಕೊಡುತ್ತೇವೆ’ ಎಂದರೆ ಅಳಿಸಿ ಹಾಕುತ್ತಾರೆ ಎಂದೇ ತಿಳಿಯಿರಿ. ಕಂಪನಿಯ ಅಧಿಕೃತ ಸೇವಾ ಕೇಂದ್ರ ಇದ್ದರೆ ಅಲ್ಲಿಗೇ ಹೋಗುವುದು ಒಳಿತು. ಸಿಮ್ ತೆಗೆದಿಟ್ಟುಕೊಂಡು ಕೊಡಿ.

10. ಬೀಟಾ ಬೇಡವೇ ಬೇಡವೇ?

ಹಾಗಲ್ಲ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಒತ್ತಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪುಗಳು ಕುಸಿದು ಬೀಳುತ್ತಿದ್ದವು. ತೆಲುಗು ಕುಟುಂಬಗಳು ಇಷ್ಟೊಂದಿರುವ ಸೊಲ್ಲಾಪುರದಂಥ ಊರಿಗೆ ಇದು ದೂರದ ಸುದ್ದಿಯಲ್ಲ. ಆಗ ಪರೀಕ್ಷೆಯಲ್ಲಿದ್ದ 11.3ರ ಬೀಟಾದಲ್ಲಿ ಆ ದೋಷ ಇರಲಿಲ್ಲ. ಆದರೂ ಜನಸಾಮಾನ್ಯರು ಬೀಟಾ ಹಾಕಬೇಕಾಗಿ ಬರಲಿಲ್ಲ. ಫೆಬ್ರುವರಿ 19ರಂದೇ ಆ್ಯಪಲ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು. ನಮ್ಮ ಲಿಪಿಗಳ ಒತ್ತಕ್ಷರಗಳನ್ನು ಬೀಟಾ ಹಂತದಲ್ಲೇ ನೋಡಿ ತಪ್ಪು ತಿಳಿಸುವವರು ಬೇಕು. ಕನ್ನಡ ಬಲ್ಲ ಯುವಕರು ಈ ಕೆಲಸ ಮಾಡಿದರೆ ನಮಗೆ ಸಂತೋಷವೇ. ಆದರೆ ಅದನ್ನು ಎರಡನೆಯ ಫೋನಿನಲ್ಲಿ ಮಾಡಲಿ; ಅಜ್ಜನ ಪಿಂಚಣಿಯ ಫೋನಿನಲ್ಲಿ ಬೇಡ.

ಇಷ್ಟಾದರೂ ಸಂದೇಹ ಉಳಿದವರು ಮುಂದಿನ ಮಾಸಿಕ ಸಭೆಗೆ ಬರುವಾಗ ಫೋನ್, ಚಾರ್ಜರ್, ಒಂದು ಖಾಲಿ ಪೆನ್‌ಡ್ರೈವ್ ತನ್ನಿ. ಪಾಸ್‌ವರ್ಡನ್ನು ನಮಗೆ ಹೇಳಬೇಡಿ, ನೀವೇ ಒತ್ತಿ. ಮೊದಲು ಧ್ವನಿಮುದ್ರಣಗಳ ನಕಲು ಮಾಡಿಕೊಳ್ಳೋಣ, ಬೀಟಾದ ಮಾತು ಆಮೇಲೆ.

– ಕಾರ್ಯದರ್ಶಿ