ಬ್ರೇಡೆರೋಡೆ ಕೋಟೆ

ನೆದರ್ಲೆಂಡ್ಸಿನ ಉತ್ತರ ಹಾಲೆಂಡ್ ಪ್ರಾಂತದಲ್ಲಿ, ಹಾರ್ಲೆಮ್ ನಗರದ ಉತ್ತರಕ್ಕಿರುವ ಸಾಂಟ್‌ಪೋರ್ಟ್ ಊರಿನ ಬಳಿ ಪಾಳುಬಿದ್ದಿರುವ ಮಧ್ಯಯುಗದ ಇಟ್ಟಿಗೆ ಕೋಟೆ. ಕಡಲತೀರದ ಹಳೆಯ ಮರಳುದಿಣ್ಣೆಯ ಮೇಲಿರುವ ಇದಕ್ಕೆ ಮುಖ್ಯ ಕೋಟೆ ಮತ್ತು ಹೊರಕೋಟೆ ಎಂಬ ಎರಡು ಭಾಗಗಳಿದ್ದು, ನಡುವೆ ಕಂದಕವಿದೆ.

ಮೂಲ: ಬ್ರೇಡೆರೋಡೆ ಮನೆತನ ಹಾಲೆಂಡಿನ ಕೌಂಟರ ವಂಶದ ಹಿರಿಯ ಕವಲೆಂದು 15ನೆಯ ಶತಮಾನದ ವಂಶಚರಿತ್ರೆ ಹೇಳುತ್ತದೆ. ಈ ಕೀರ್ತಿಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಮನೆತನ ಟೈಲಿಂಗೆನ್ ಒಡೆಯರಿಂದ ಕವಲೊಡೆದದ್ದು. ಕೋಟೆಯನ್ನು 13ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಲು ತೊಡಗಿದವನು 1285ರಲ್ಲಿ ತೀರಿಕೊಂಡ ವಿಲ್ಲೆಮ್ ವಾನ್ ಬ್ರೇಡೆರೋಡೆ. ಅವನ ಮಗ ಎರಡನೆಯ ಡಿರ್ಕ್ 1300ರ ಸುಮಾರಿಗೆ ಹಳೆಯ ಕಟ್ಟಡವನ್ನು ಕೆಡವಿಸಿ, ಮೂಲೆಗೋಪುರಗಳ ಚೌಕಾಕಾರದ ಕೋಟೆ ಕಟ್ಟಿಸಿದ.

ನಾಶ: ಕೋಟೆ ಹಾಳಾದದ್ದು ಒಂದೇ ಏಟಿಗಲ್ಲ. ಹಾಲೆಂಡಿನ ಅಂತರ್ಯುದ್ಧದಲ್ಲಿ ಬ್ರೇಡೆರೋಡೆಗಳು ‘ಹೂಕ್’ ಪಕ್ಷದ ಮುಂಚೂಣಿಯಲ್ಲಿದ್ದರು. ‘ಕಾಬೆಲ್ಯಾವ್’ ಪಕ್ಷದವರು 1351ರಲ್ಲಿ ಮುತ್ತಿಗೆ ಹಾಕಿ, ಶರಣಾದ ಕೋಟೆಯನ್ನು ಕೆಡವಿದರು. ಅದು ಮತ್ತೆ ಎದ್ದಿತು. 1426ರಲ್ಲಿ ಹಾರ್ಲೆಮಿನ ಜನ ಒಂದು ಭಾಗವನ್ನು ಉರುಳಿಸಿದರು. 1491ರಲ್ಲಿ ಜರ್ಮನ್ ಸೈನಿಕರು ಲೂಟಿ ಮಾಡಿದರು. ಸ್ಪೇನ್ ವಿರುದ್ಧದ ದಂಗೆಯಲ್ಲಿ ಈ ಮನೆತನದ ಹೆಸರು ಮೊಳಗಿತು: 1566ರ ಏಪ್ರಿಲ್ 5ರಂದು ಬ್ರಸೆಲ್ಸಿನಲ್ಲಿ, ಸ್ಪೇನಿನ ದೊರೆಯ ಪರವಾಗಿ ಆಳುತ್ತಿದ್ದ ಪಾರ್ಮಾದ ಮಾರ್ಗರೆಟಳಿಗೆ ಮನವಿ ಒಪ್ಪಿಸಿದ ಸರದಾರರ ಮುಂದಾಳು ಹೆಂಡ್ರಿಕ್ ವಾನ್ ಬ್ರೇಡೆರೋಡೆ. ಹಾರ್ಲೆಮ್ ಮುತ್ತಿಗೆಯ ಕಾಲಕ್ಕೆ, 1573ರಲ್ಲಿ, ಸ್ಪೇನಿನ ಸೈನಿಕರು ಕೋಟೆಗೆ ಬೆಂಕಿಯಿಟ್ಟರು. ಆದರೆ ಎಲ್ಲ ಹಾಳಿಗೂ ಅವರನ್ನೇ ಹೊಣೆ ಮಾಡಿದರೆ ಹಿಂದಿನ ಎರಡು ಶತಮಾನಗಳ ಒಳಜಗಳ ಮರೆಯಾಗುತ್ತದೆ.

ಪಾಳಿನ ಕಾಲ: ಡಚ್ ಚಿತ್ರಕಾರ ಮೈಂಡೆರ್ಟ್ ಹಾಬೆಮಾ 1671ರಲ್ಲಿ ಬರೆದ ಈ ಪಾಳುಕೋಟೆಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1679ರಲ್ಲಿ ಬ್ರೇಡೆರೋಡೆಯ ಕೊನೆಯ ಒಡೆಯ ವೋಲ್ಫರ್ಟ್‌ನ ಸಾವಿನೊಂದಿಗೆ ಮನೆತನದ ಗಂಡು ಸಂತತಿ ಅಳಿದು, ಆಸ್ತಿ ಹಾಲೆಂಡಿನ ಆಡಳಿತಸಭೆಗೆ ಸೇರಿತು. ಮುಂದೆ ಡಚ್ ಸರ್ಕಾರದ ಸ್ವತ್ತಾಯಿತು.

ಜೀರ್ಣೋದ್ಧಾರ: 1862ರಲ್ಲಿ ಶುರುವಾದ ಕೆಲಸ ಕೋಟೆಯ ಚರಿತ್ರೆಯಲ್ಲಿ ದೊಡ್ಡ ತಿರುವು. ದೇಶದಲ್ಲಿ ಸರ್ಕಾರವೇ ಸ್ಮಾರಕವೆಂದು ದುರಸ್ತಿ ಮಾಡಿಸಿದ ಮೊದಲ ಕಟ್ಟಡಗಳಲ್ಲಿ ಇದೂ ಒಂದು. ಆಗ ಉಳಿದದ್ದನ್ನು ಭದ್ರಪಡಿಸಿದ್ದಲ್ಲದೆ, ಹೋದದ್ದನ್ನೂ ಕಟ್ಟಲಾಯಿತು. ಆದ್ದರಿಂದ ಇಂದಿನ ಗೋಡೆಗಳನ್ನೆಲ್ಲ ಮಧ್ಯಯುಗದ ಸಾಕ್ಷ್ಯವೆಂದು ಎಣಿಸುವಂತಿಲ್ಲ; 19ನೆಯ ಶತಮಾನದ ಕೈಕೆಲಸವನ್ನು ಬೇರ್ಪಡಿಸಿ ನೋಡುವುದು ಅಗತ್ಯ.