ಭಂಗಿಯ ಅಮಲಿಗೆ ಪ್ರತ್ಯೌಷಧ: ಮೆಣಸು, ಹುಳಿ ಮತ್ತು ಕಾಲ

ವಿಷವನ್ನು ವರ್ಣಿಸಿದವನು ಅದರ ನಿವಾರಣೆಯನ್ನೂ ಹೇಳಬೇಕೆಂಬುದು ನಮ್ಮ ವೈದ್ಯಪರಂಪರೆಯ ಹಳೆಯ ನಡೆ. 14ನೆಯ ಶತಮಾನದಲ್ಲಿ ಜೈನ ಕವಿ ಒಂದನೆಯ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ ಸ್ಥಾವರ ಹಾಗೂ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಒಟ್ಟಿಗೇ ನಿರೂಪಿಸುವ ಕನ್ನಡ ಗ್ರಂಥ. ಆದರೆ ವಿಷವೂ ಅಲ್ಲದ, ನಿರುಪದ್ರವಿಯೂ ಅಲ್ಲದ ದ್ರವ್ಯಗಳ ಪಾಡು ಬೇರೆ. ಭಂಗಿ ಅಂಥ ಒಂದು ದ್ರವ್ಯ. ಅದನ್ನು ಸೇವಿಸಿದವನು ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಮಿತಿಮೀರಿದಾಗ ತಾನು ಸಾಯುತ್ತಿದ್ದೇನೆಂದೇ ನಂಬುತ್ತಾನೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕ್ಷಣವು ಗಳಿಗೆಯಾಗಿ ಹಿಗ್ಗುತ್ತದೆ, ಮನಸ್ಸಿಗೆ ಕಾರಣವಿಲ್ಲದ ಭಯ ಕವಿಯುತ್ತದೆ. ಈ ಅವಸ್ಥೆಗೆ ಎರಡು ಸಾವಿರ ವರ್ಷಗಳಿಂದ ಜನರು ಮದ್ದು ಹುಡುಕುತ್ತ ಬಂದಿದ್ದಾರೆ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಎಲ್ಲವೂ ನಮ್ಮ ಪ್ರಾಚೀನ ಗ್ರಂಥಗಳಲ್ಲಿದೆ ಎನ್ನುವ ಉತ್ಸಾಹಿಗಳು ಭಂಗಿಯ ವಿಚಾರದಲ್ಲಿ ನಿರಾಶರಾಗುತ್ತಾರೆ. ಅಥರ್ವವೇದದಲ್ಲಿ ‘ಭಂಗ’ ಎಂಬ ಸಸ್ಯದ ಹೆಸರು ಬರುತ್ತದೆ. ಅದು ಇಂದಿನ ಭಂಗಿಯೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ‘ಭಂಗಾ’ ಪದಕ್ಕೆ ‘ಮಾತುಲಾನೀ’ ಎಂಬ ಪರ್ಯಾಯವನ್ನು ಕೊಡುತ್ತಾನಾದರೂ ಅದನ್ನು ಧಾನ್ಯಗಳ ಸಾಲಿನಲ್ಲಿ ಇರಿಸಿದ್ದಾನೆಯೇ ಹೊರತು ಮಾದಕಗಳ ಸಾಲಿನಲ್ಲಲ್ಲ. (ಆ ಪದಕ್ಕೆ ಸೋದರಮಾವನ ಹೆಂಡತಿ ಎಂಬ ಅರ್ಥವೂ ಉಂಟು, ಕೋಶಪಾಠ ಮಾಡುವ ವಿದ್ಯಾರ್ಥಿಗಳು ಇಲ್ಲಿ ನಗುವುದು ಸಹಜ.) ಔಷಧದ್ರವ್ಯವಾಗಿ ಭಂಗಿಯು ಆಯುರ್ವೇದದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 11ನೆಯ ಶತಮಾನದ ಕೊನೆಯ ಹೊತ್ತಿಗೆ, ವಂಗಸೇನನ ‘ಚಿಕಿತ್ಸಾಸಾರಸಂಗ್ರಹ’ದಲ್ಲಿ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸನಿಷೇಧವನ್ನು ವೈದ್ಯಯುಕ್ತಿಯಿಂದ ಸಮರ್ಥಿಸಿದ, ‘ಕಲ್ಯಾಣಕಾರಕ’ದ ಕರ್ತೃ ಉಗ್ರಾದಿತ್ಯಾಚಾರ್ಯನು ಅದಕ್ಕಿಂತ ಸುಮಾರು ಎರಡು ಶತಮಾನ ಹಿಂದಿನವನು. ಆತನ ಹೆಸರಿನಲ್ಲಿ ಭಂಗಿಯ ಯೋಗಗಳನ್ನು ಹೇಳುವವರು ಈ ಕಾಲಗಣನೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಜೈನರಿಗೆ ಸಂಬಂಧಿಸಿದ ಬೇರೊಂದು ಕೊಂಡಿ ಇದಕ್ಕಿಂತ ಗಟ್ಟಿಯಾದುದು. ನಾಗಾರ್ಜುನನ ಹೆಸರಿನಲ್ಲಿರುವ ‘ಯೋಗರತ್ನಮಾಲಾ’ ಎಂಬ ತಂತ್ರಪ್ರಯೋಗಗ್ರಂಥಕ್ಕೆ 13ನೆಯ ಶತಮಾನದಲ್ಲಿ ಶ್ವೇತಾಂಬರ ಭಿಕ್ಷು ಗುಣಾಕರನು ವ್ಯಾಖ್ಯಾನ ಬರೆದನು. ಶತ್ರುವಿಗೆ ಭೂತ ಹಿಡಿದಂತೆ ತೋರುವಂತೆ ಮಾಡಲು ಭಂಗಿಯ ಹೊಗೆಯನ್ನು ಬಳಸುವ ಪ್ರಯೋಗ ಅದರಲ್ಲಿದೆ. ಅಮಲಿನ ಸುಖವನ್ನಲ್ಲ, ಅಮಲಿನ ಭಯವನ್ನೇ ಆಯುಧವಾಗಿಸಿಕೊಂಡ ಪ್ರಯೋಗವಿದು. ಅಂದರೆ ಅತಿಸೇವನೆಯ ಕೆಟ್ಟ ಪರಿಣಾಮ ಆಗಲೇ ಎಷ್ಟು ಪರಿಚಿತವಾಗಿತ್ತೆಂದರೆ ಅದನ್ನು ಬೇಕೆಂದೇ ಉಂಟುಮಾಡಬಹುದಿತ್ತು. ಶಾರ್ಙ್ಗಧರನು ಭಂಗಿಯನ್ನೂ ಅಫೀಮನ್ನೂ ‘ವ್ಯವಾಯಿ’ ದ್ರವ್ಯಗಳಿಗೆ, ಎಂದರೆ ಪಚನವಾಗುವ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ದ್ರವ್ಯಗಳಿಗೆ, ನಿದರ್ಶನವಾಗಿ ಕೊಟ್ಟನು. 16ನೆಯ ಶತಮಾನದ ಭಾವಮಿಶ್ರನು ಅದು ತೀಕ್ಷ್ಣ, ಉಷ್ಣ, ಪಿತ್ತವರ್ಧಕ ಎಂದು ನಿರ್ಣಯಿಸಿದನು. ಮೋಹವನ್ನೂ ಮದವನ್ನೂ ಮಾತನ್ನೂ ಜಠರಾಗ್ನಿಯನ್ನೂ ಹೆಚ್ಚಿಸುತ್ತದೆಂದನು. ಅಮಲೇರಿದವನ ಮಾತು ಮತ್ತು ಹಸಿವು ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿದ ಈ ಅವಲೋಕನ ಮೆಚ್ಚಬೇಕಾದುದು.

ಪ್ರತ್ಯೌಷಧದ ಅತಿ ಹಳೆಯ ಉಲ್ಲೇಖಗಳಲ್ಲೊಂದು ದೊರೆಯುವುದು ರೋಮಿನಲ್ಲಿ. 1ನೆಯ ಶತಮಾನದ ಪ್ಲಿನಿಯು ತನ್ನ ‘ನಿಸರ್ಗೇತಿಹಾಸ’ದ 24ನೆಯ ಸಂಪುಟದಲ್ಲಿ ಬ್ಯಾಕ್ಟ್ರಿಯಾದಲ್ಲಿ ಬೆಳೆಯುವ ‘ನಗೆಯೆಲೆ’ ಎಂಬರ್ಥದ ಹೆಸರಿನ ಗಿಡವೊಂದನ್ನು ವರ್ಣಿಸುತ್ತಾನೆ. ಅದನ್ನು ಮದ್ಯದಲ್ಲಿ ಬೆರೆಸಿ ಕುಡಿದವನಿಗೆ ನಾನಾ ರೂಪಗಳು ಕಣ್ಣೆದುರು ಕುಣಿಯುತ್ತವೆಯಂತೆ. ನಗೆ ನಿಲ್ಲುವುದೇ ಇಲ್ಲವಂತೆ. ಅದನ್ನು ನಿಲ್ಲಿಸಲು ಪೈನ್ ಮರದ ಬೀಜದ ತಿರುಳನ್ನು ಮೆಣಸು ಮತ್ತು ಜೇನಿನೊಡನೆ ಖರ್ಜೂರದ ಮದ್ಯದಲ್ಲಿ ಕೊಡಬೇಕೆಂದು ಆತ ಬರೆದಿದ್ದಾನೆ. ಈ ಗಿಡ ಭಂಗಿಯೇ ಎಂದು ಹಲವರು ಗುರುತಿಸಿದ್ದಾರೆ, ಒಪ್ಪದವರೂ ಇದ್ದಾರೆ. ನನ್ನ ಗಮನ ಸೆಳೆಯುವುದು ಮೆಣಸು. ಅದೇ ಪ್ಲಿನಿ ಬೇರೆಡೆ ಮೆಣಸಿನ ದುಬಾರಿ ಬೆಲೆಯ ಬಗ್ಗೆ ಗೊಣಗುತ್ತಾನೆ: ಕರಿಮೆಣಸು ರೋಮನ್ ಪೌಂಡಿಗೆ 4 ದಿನಾರಿ, ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ರೋಮಿನಿಂದ ಸೆಳೆದುಕೊಳ್ಳುತ್ತಿದೆಯೆಂಬುದು ಅವನ ಅಳಲು. ಅಮಲಿನ ಗಿಡ ಮಧ್ಯ ಏಷ್ಯಾದ್ದು, ಅದನ್ನು ಇಳಿಸುವ ಕಾಳು ನಮ್ಮ ಪಶ್ಚಿಮ ಕರಾವಳಿಯದು! ಹದಿನೈದು ಶತಮಾನಗಳ ಬಳಿಕ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಇದೇ ಕಾಳಿನ ಮಹಿಮೆಯಿಂದ.

ಅರಬ್ ವೈದ್ಯರ ದಾರಿ ಹುಳಿಯದು. 10ನೆಯ ಶತಮಾನದ ಮೊದಲ ಭಾಗದಲ್ಲಿ ತೀರಿಕೊಂಡ ಅಲ್-ರಾಝಿಯು ಆಹಾರಗಳ ಗುಣದೋಷಗಳನ್ನು ಕುರಿತ ಗ್ರಂಥದಲ್ಲಿ ಭಂಗಿಯ ಕೆಡುಕಿಗೆ ತಣ್ಣೀರು, ಹಿಮ ಮತ್ತು ಹುಳಿಹಣ್ಣುಗಳನ್ನು ಹೇಳಿದನು. ಈಜಿಪ್ಟಿನಲ್ಲಿ ಹಶೀಶ್ ಸೇವಿಸುವವರನ್ನು ಕಣ್ಣಾರೆ ಕಂಡ ಸಸ್ಯತಜ್ಞ ಇಬ್ನ್ ಅಲ್-ಬೈತಾರ್ (ಮರಣ 1248) ಬೆಣ್ಣೆ ಮತ್ತು ಬಿಸಿನೀರು ಕುಡಿಸಿ ವಾಂತಿ ಮಾಡಿಸಿ, ಬಳಿಕ ಹುಳಿಸೊಪ್ಪಿನ ಪಾನಕ ಕೊಡಲು ಹೇಳಿದನು. ನಮ್ಮಲ್ಲಿಯೂ ನಿಂಬೆ, ಹುಣಿಸೆ, ಮಜ್ಜಿಗೆಗಳನ್ನು ಹೇಳುವ ರೂಢಿ ವ್ಯಾಪಕ. ಚರಕಸಂಹಿತೆಯ ಮದಾತ್ಯಯ ಪ್ರಕರಣದಲ್ಲಿ ಮದ್ಯದ ಅತಿಸೇವನೆಗೆ ಮಾದಲ, ದಾಳಿಂಬೆ ಮುಂತಾದ ಆಮ್ಲಫಲಗಳ ಪ್ರಯೋಗವಿದೆ. ಮದ್ಯಕ್ಕೆ ಹೇಳಿದ ಹುಳಿಯೇ ಮುಂದೆ ಭಂಗಿಗೂ ಹರಿದು ಬಂದಿರಬೇಕೆಂಬುದು ನನ್ನ ಊಹೆ. ಉಷ್ಣವೂ ಪಿತ್ತಕರವೂ ಆದ ದ್ರವ್ಯಕ್ಕೆ ಆಮ್ಲವನ್ನು ಮದ್ದಾಗಿ ಕೊಡುವುದು ಶಾಸ್ತ್ರದ ತರ್ಕಕ್ಕೆ ಅಷ್ಟು ಸರಿಹೊಂದುವುದೂ ಇಲ್ಲ. ಆಮ್ಲವೂ ಪಿತ್ತವನ್ನೇ ಬೆಳೆಸುವಂಥದು. ಇಲ್ಲಿ ಶಾಸ್ತ್ರಕ್ಕಿಂತ ಜನರ ರೂಢಿ ಮುಂದೆ ನಡೆದಿದೆ.

ಆಧುನಿಕ ವೈದ್ಯದ ಆರಂಭವೂ ಕುತೂಹಲಕರ. 1839ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಬ್ರೂಕ್ ಓಶಾನೆಸಿ ಭಂಗಿಯ ಕುರಿತು ದೀರ್ಘ ಪ್ರಬಂಧ ಮಂಡಿಸಿದನು. ಪಾನೀಯ ಮಾಡುವ ಕ್ರಮವನ್ನು ಆತ ತೂಕಸಹಿತ ಬರೆದಿದ್ದಾನೆ: ಸುಮಾರು ಮೂರು ತೊಲ ಸೊಪ್ಪನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಅರೆದು, ಕರಿಮೆಣಸು, ಸೌತೆ ಮತ್ತು ಕರಬೂಜದ ಬೀಜ, ಸಕ್ಕರೆ, ಹಾಲು, ನೀರು ಬೆರೆಸುವುದು. ಇದು ಅಭ್ಯಾಸವಿದ್ದವನ ಪ್ರಮಾಣ. ಹೊಸಬನಿಗೆ ಅರ್ಧ ಸಾಕು. ಪ್ಲಿನಿಯ ಮದ್ದಿನ ಮೆಣಸು ಇಲ್ಲಿ ಪಾನೀಯದೊಳಗೇ ಸೇರಿಕೊಂಡಿದೆ. ಸಂಧಿವಾತದ ರೋಗಿಯೊಬ್ಬನಿಗೆ ಆತ ಮಧ್ಯಾಹ್ನ 2 ಗಂಟೆಗೆ ಒಂದು ಗ್ರೇನ್ ರಾಳ ಕೊಟ್ಟನು. 4 ಗಂಟೆಗೆ ರೋಗಿ ಹಾಡುತ್ತ, ಹೆಚ್ಚು ಊಟ ಕೇಳುತ್ತಿದ್ದನು. ರಾತ್ರಿ 8ಕ್ಕೆ ಎಚ್ಚರವಿಲ್ಲದೆ, ಕೈಯನ್ನು ಹೇಗೆ ಎತ್ತಿಟ್ಟರೆ ಹಾಗೆಯೇ ನಿಲ್ಲುವ ಸ್ಥಿತಿಯಲ್ಲಿದ್ದನು. ನಡುರಾತ್ರಿ ಕಳೆದು 1 ಗಂಟೆಯ ಹೊತ್ತಿಗೆ ಪ್ರಜ್ಞೆ ಮರಳತೊಡಗಿತು. ನಿರಂತರ ಸೇವನೆಯಿಂದ ಬರುವ ಚಿತ್ತಭ್ರಾಂತಿಗೆ ಓಶಾನೆಸಿ ಹೇಳಿದ ಚಿಕಿತ್ಸೆ ಅಂದಿನ ಯುರೋಪಿಯನ್ ಪದ್ಧತಿಯದು: ಕುತ್ತಿಗೆಯ ಹಿಂಭಾಗಕ್ಕೆ ಬೊಬ್ಬೆ ಬರಿಸುವ ಲೇಪ, ಕಪೋಲದ ಮೇಲ್ಭಾಗಕ್ಕೆ ಜಿಗಣೆ, ವಾಕರಿಕೆ ಬರಿಸುವ ಆಂಟಿಮನಿ ಲವಣ, ಜೊತೆಗೆ ಭೇದಿಯ ಉಪ್ಪು. ನಿಂಬೆಹಣ್ಣಿನ ಮುಂದೆ ಇದು ಎಷ್ಟು ಕ್ರೂರ! ಆದರೂ ಸೌಮ್ಯವಾದ ಪ್ರಸಂಗಗಳಲ್ಲಿ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲವೆಂದು ಅವನೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ.

ಈ ಮದ್ದುಗಳಲ್ಲಿ ನಿಜವೆಷ್ಟು? ಭಂಗಿಯ ಮಾದಕ ಸತ್ತ್ವವಾದ ಟಿಎಚ್‌ಸಿಯನ್ನು ಗಾವೋನಿ ಮತ್ತು ಮೆಶೂಲಮ್ 1964ರಲ್ಲಿ ಪ್ರತ್ಯೇಕಿಸಿದರು. ಮೆಣಸಿನಲ್ಲಿರುವ ಕ್ಯಾರಿಯೋಫಿಲೀನ್ ಎಂಬ ಸುಗಂಧದ್ರವ್ಯವು ದೇಹದಲ್ಲಿ ಭಂಗಿಯ ಸತ್ತ್ವಗಳು ಅಂಟಿಕೊಳ್ಳುವ ಎರಡು ಗ್ರಾಹಕಗಳಲ್ಲಿ ಒಂದಕ್ಕೆ ಅಂಟಿಕೊಳ್ಳುತ್ತದೆಂದು 2008ರಲ್ಲಿ ತಿಳಿಯಿತು. ಆದರೆ ಅಮಲಿಗೆ ಕಾರಣವಾಗುವುದು ಇನ್ನೊಂದು ಗ್ರಾಹಕ. 2011ರಲ್ಲಿ ಈಥನ್ ರುಸ್ಸೊ ಪ್ಲಿನಿ, ಅಲ್-ರಾಝಿ ಮೊದಲಾದವರ ಮದ್ದುಗಳನ್ನು ಒಂದೆಡೆ ತಂದು, ಅವುಗಳ ಹಿಂದೆ ಇಂಥ ಸುಗಂಧದ್ರವ್ಯಗಳಿರಬಹುದೆಂದು ವಾದಿಸಿದರು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 20 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ಟಿಎಚ್‌ಸಿಯೊಡನೆ ಲಿಮೊನೀನ್ ಆವಿಯನ್ನು ಸೇರಿಸಿ ಎಳೆದವರಲ್ಲಿ ಆತಂಕ ಕಡಿಮೆಯಾದದ್ದು ಕಂಡುಬಂತು. ಇದನ್ನು ನಿಂಬೆರಸದ ವಿಜಯವೆಂದು ಸಾರುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಲಿಮೊನೀನ್ ಮುಖ್ಯವಾಗಿ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ನಾವು ಹಿಂಡುವ ರಸದಲ್ಲಲ್ಲ. ಪ್ರಯೋಗದಲ್ಲಿ ಅದನ್ನು ಜೊತೆಯಲ್ಲೇ ಕೊಟ್ಟದ್ದು, ಅಮಲೇರಿದ ಮೇಲಲ್ಲ.

ಹಾಲು, ತುಪ್ಪಗಳ ಮಾತು ಇನ್ನೂ ಎಚ್ಚರದ್ದು. ಭಂಗಿಯ ಸತ್ತ್ವ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ತುಪ್ಪದಲ್ಲಿ ಹುರಿದ, ಹಾಲಿನಲ್ಲಿ ಕದಡಿದ ಭಂಗಿಗೆ ಬಲ ಬರುವುದು ಇದರಿಂದಲೇ. ಅಮಲೇರಿದವನಿಗೆ ‘ತಂಪು’ ಎಂದು ತುಪ್ಪ ಬೆರೆಸಿದ ಹಾಲು ಕುಡಿಸಿದರೆ ಹೊಟ್ಟೆಯಲ್ಲಿ ಉಳಿದ ಸತ್ತ್ವವೂ ರಕ್ತಕ್ಕೆ ಸೇರಲು ದಾರಿಯಾಗುತ್ತದೆ. ಇಬ್ನ್ ಅಲ್-ಬೈತಾರನ ಬೆಣ್ಣೆ ವಾಂತಿಗೆಂದು ಕೊಟ್ಟದ್ದಾದ್ದರಿಂದ ಅದರ ಲೆಕ್ಕ ಬೇರೆ. ಆದರೆ ಮಂಪರಿನಲ್ಲಿರುವವನಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ ಇಂದಿನ ವೈದ್ಯರು ಅದನ್ನು ನಿಷೇಧಿಸುತ್ತಾರೆ.

ತಿಂದ ಭಂಗಿ ನಿಧಾನವಾಗಿ ಏರುತ್ತದೆ. ಒಂದೆರಡು ಗಂಟೆ ಏನೂ ಆಗಲಿಲ್ಲವೆಂದು ಮತ್ತೊಂದು ಲೋಟ ಕುಡಿದವನೇ ಹೆಚ್ಚಾಗಿ ಸಂಕಟಕ್ಕೆ ಸಿಲುಕುವುದು. ಏರಿದ್ದು ಮುಂದೆ ಹಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಓಶಾನೆಸಿಯ ರೋಗಿಯ ಗಂಟೆಗಳನ್ನು ಎಣಿಸಿದರೆ ಇದು ಗೊತ್ತಾಗುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿ ನಿಂಬೆಯಿದ್ದರೆ ಕೀರ್ತಿ ನಿಂಬೆಗೆ, ಮೆಣಸಿದ್ದರೆ ಮೆಣಸಿಗೆ. ಜೈನ ದರ್ಶನವು ಕಾಲವನ್ನೇ ಒಂದು ದ್ರವ್ಯವೆಂದು ಎಣಿಸಿ, ಪದಾರ್ಥಗಳ ಪರಿಣಮನಕ್ಕೆ ಅದು ನಿಮಿತ್ತ, ಉಪಾದಾನವಲ್ಲ ಎನ್ನುತ್ತದೆ. ಈ ವಿವೇಚನೆಯನ್ನು ಪ್ರತ್ಯೌಷಧಗಳ ಇತಿಹಾಸಕ್ಕೆ ಅನ್ವಯಿಸಿದವರು ವಿರಳ. ಹಾಗೆಂದು ಹುಳಿ ಪಾನಕ ವ್ಯರ್ಥವಲ್ಲ. ಒಣಗಿದ ಬಾಯಿಗೆ ಅದು ಹಿತ. ಅದನ್ನು ಹಿಡಿದು ಪಕ್ಕದಲ್ಲಿ ಕುಳಿತು, ಏನೂ ಆಗುವುದಿಲ್ಲ ಎಂದು ಹೇಳುವ ಮನುಷ್ಯ ಇನ್ನೂ ಹಿತ.

ಆದರೆ ಎಲ್ಲವನ್ನೂ ಕಾಲಕ್ಕೆ ಬಿಡಲಾಗದು. ಬ್ರಿಟಿಷ್ ಸರಕಾರ ನೇಮಿಸಿದ ಭಾರತೀಯ ಭಂಗಿ ಆಯೋಗ (1893–94) 1,193 ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಸೇವನೆಯಿಂದ ಗಣನೀಯ ಹಾನಿಯಿಲ್ಲವೆಂದು ತೀರ್ಮಾನಿಸಿತಾದರೂ, ಭಂಗಿಗೆ ದತ್ತೂರ ಬೆರೆಸುವ ದುಷ್ಟ ಪದ್ಧತಿಯನ್ನು ದಾಖಲಿಸಿತು. ದತ್ತೂರ ಸೇರಿದ್ದರೆ ಅದು ನಿಜವಾದ ಸ್ಥಾವರ ವಿಷ. ಕಣ್ಣಿನ ಪಾಪೆ ಅರಳಿ, ಮೈ ಕಾದು, ಚರ್ಮ ಒಣಗಿ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯಲು ತಡಕಾಡುತ್ತಿದ್ದರೆ ನಿಂಬೆ ಹುಡುಕುವ ಸಮಯವಲ್ಲ ಅದು. ತಿಳಿಯದೆ ಭಂಗಿಯ ಸಿಹಿ ತಿಂದ ಮಗುವಿನ ವಿಷಯವೂ ಹಾಗೆಯೇ. ಮಗುವಿನ ಉಸಿರಾಟವೇ ಕುಗ್ಗಬಹುದಾದ್ದರಿಂದ ಮನೆಮದ್ದಿಗೆ ಒಂದು ಗಳಿಗೆಯನ್ನೂ ಕೊಡದೆ ಆಸ್ಪತ್ರೆಗೆ ಒಯ್ಯಬೇಕು, ತಿಂದ ತಿನಿಸಿನಲ್ಲಿ ಉಳಿದದ್ದನ್ನೂ ಜೊತೆಯಲ್ಲಿ ಒಯ್ಯಬೇಕು.